ಚಹಾ ಕುದಿಯುವಷ್ಟು ಹೊತ್ತು

ಲತಾಶ್ರೀಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಪುರಾವೆ ಸಿಕ್ಕಿದ್ದು ಆಮೇಲೆ.

ಹೀಗೆ ಹೇಳಿದರೆ ಜನ ನನ್ನನ್ನೇ ಬೈದಾರು, ಬೈಯಲಿ. ಅಮೆರಿಕದ ಎಲ್ಕ್ ಗ್ರೋವ್ ವಿಲೇಜಿನ ಬೇರಿಂಗ್ ಕಾರ್ಖಾನೆಯೊಂದರಲ್ಲಿ ರಿಟೈರ್ ಆಗುವವರೆಗೂ ನಾನು ಮಾಡಿದ್ದು ಒಂದೇ ಕೆಲಸ, ಅನುಮಾನ ಪಡುವುದು. ಕ್ವಾಲಿಟಿ ಇನ್‌ಸ್ಪೆಕ್ಟರ್ ಎಂಬ ಹೆಸರಿಟ್ಟು ಅದಕ್ಕೆ ಸಂಬಳ ಕೊಡುತ್ತಿದ್ದರು. ಫಳಫಳ ಹೊಳೆಯುವ ಬೇರಿಂಗನ್ನು ಕಂಡರೆ ಉಳಿದವರು ಖುಷಿಪಡುತ್ತಿದ್ದರು, ನಾನು ಬಿರುಕು ಹುಡುಕುತ್ತಿದ್ದೆ. ಮನೆಯಲ್ಲೂ ಅದೇ ಚಾಳಿ. "ಹಾಲಿನ ಡಬ್ಬಿ ತಿರುವಿ ತಿರುವಿ ತಾರೀಖು ನೋಡಬ್ಯಾಡ್ರಿ, ಅಂಜಿ ಒಡದು ಹೋಗ್ತಾವು" ಎಂದು ನನ್ನ ಹೆಂಡತಿ ಜಯದೇವಿ ನಗುತ್ತಿದ್ದಳು.

ನಾವು ಗದಗದ ಕಡೆಯವರು. ನೇಪರ್‌ವಿಲ್ಲಿನ ಈ ಮನೆಗೆ ಬಂದಾಗ ಹಿತ್ತಲಲ್ಲಿ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಅದನ್ನು ತೋಟ ಮಾಡಿದವಳು ಜಯದೇವಿ. ನರ್ಸರಿಗೆ ಹೋದರೆ ಉಳಿದವರು ಮೈತುಂಬ ಹೂವಿರುವ ಗಿಡಕ್ಕೆ ಮರುಳಾಗಿ ಗಾಡಿಗೆ ಹಾಕಿಕೊಳ್ಳುತ್ತಿದ್ದರು. ಇವಳು ಮೊಗ್ಗೂ ಇಲ್ಲದ ಒಂದು ಮೊಂಡು ಗಿಡವನ್ನು ಹುಡುಕಿ, ಕುಂಡದ ತಳ ಎತ್ತಿ ಬೇರು ನೋಡಿ ತರುತ್ತಿದ್ದಳು. ಮೊದಲು ಜಾಗ, ಆಮೇಲೆ ಗಿಡ ಎನ್ನುವುದು ಅವಳ ಲೆಕ್ಕ. ಬಿಸಿಲೇ ಬೀಳದ ಗರಾಜಿನ ಮಗ್ಗುಲಿಗೆ ಅಗಲ ಎಲೆಯ ಹೋಸ್ಟಾ. ಚಳಿಗಾಲ ಕಂಡಷ್ಟೂ ಚೆನ್ನಾಗಿ ಹೂಬಿಡುವ ಪಿಯೊನಿ ಬಯಲಿನಲ್ಲಿ. ದಕ್ಷಿಣದ ಗೋಡೆಗೆ ತಾಗಿದ, ದಿನವಿಡೀ ಬಿಸಿಲು ಬೀಳುವ ಪಟ್ಟಿ ಮಾತ್ರ ಡೇಲಿಯಾಗಳಿಗೆ ಮೀಸಲು.

ನಮ್ಮ ಹಿತ್ತಲಿಗೆ ಬೆನ್ನು ಹಚ್ಚಿಕೊಂಡ ಮನೆಯೇ ಲತಾಶ್ರೀಯದು. ಮೈಸೂರಿನವಳು. ಗಂಡ ಶಿವರಾಮು ಕಂಪ್ಯೂಟರ್ ಕೆಲಸದವನು, ಅವಳೂ ಅದೇ. ಎರಡು ಹಿತ್ತಲಿನ ನಡುವೆ ಬೇಲಿಯಿಲ್ಲ. ಬೇಲಿ ಹಾಕಲು ಬಡಾವಣೆಯ ಸಂಘದವರ ಅಪ್ಪಣೆ ಬೇಕು. ಜಯದೇವಿಯ ಅಪ್ಪಣೆ ಪಡೆಯುವುದು ಅದಕ್ಕಿಂತ ಕಷ್ಟವಿತ್ತು. ಹೀಗಾಗಿ ಆ ಹುಡುಗಿ ಹೊತ್ತುಗೊತ್ತಿಲ್ಲದೆ ಹುಲ್ಲು ದಾಟಿ ಬರುತ್ತಿದ್ದಳು.

ನನ್ನ ಅನುಮಾನ ಹುಟ್ಟಿದ್ದು ಇಲ್ಲಿಂದ. ಲತಾಶ್ರೀ ಬಂದು ಗಿಡಗಳ ನಡುವೆ ನಿಂತಳೆಂದರೆ, ಎರಡು ಮಾತಾಡುವುದರೊಳಗೆ ಜಯದೇವಿ "ಚಾ ಮಾಡ್ತೀನಿ" ಎಂದು ಅವಳೊಬ್ಬಳನ್ನೇ ಬಿಟ್ಟು ಒಳಗೆ ಬಂದುಬಿಡುತ್ತಿದ್ದಳು. ನಮ್ಮ ಅಡುಗೆಮನೆಯ ಕಿಟಕಿ ತೋಟಕ್ಕೇ ತೆರೆದುಕೊಳ್ಳುತ್ತದೆ. ಇವಳು ಕಿಟಕಿಗೆ ಬೆನ್ನು ಹಾಕಿ, ಒಲೆಯನ್ನೇ ನೋಡುತ್ತ, ಚಹಾ ಉಕ್ಕಿ ಬರುವವರೆಗೂ ಅಲ್ಲಾಡದೆ ನಿಂತಿರುತ್ತಿದ್ದಳು.

"ಆಕಿ ಒಬ್ಬಾಕಿನ್ನ ಬಿಟ್ಟು ಬಂದೀಯಲ್ಲ, ಏನರ ಕಿತ್ಗೊಂಡು ಹೋದ್ರ?" ಎಂದು ಕೇಳಿದರೆ, "ಹೋಗ್ಲಿ ಬಿಡ್ರಿ, ನಿಮ್ಮ ಬೇರಿಂಗ್ ಏನ ಒಯ್ಯೂದಿಲ್ಲ ಆಕಿ" ಎನ್ನುತ್ತಿದ್ದಳು.

ಅವಳು ಲತಾಶ್ರೀಯ ಮನೆಗೆ ಹೋಗಿ ಬಂದ ದಿನ ಅವಳ ಸ್ವೆಟರಿನ ಜೇಬಿನಲ್ಲಿ ಮಣ್ಣಿರುತ್ತಿತ್ತು. ವಾಶಿಂಗ್ ಮಶೀನಿನಲ್ಲಿ ಮಣ್ಣು ಕೂತಿತೆಂದು ನಾನು ಜಗಳವನ್ನೂ ತೆಗೆದಿದ್ದೆ. ಊರವರ ಕೈಯನ್ನೆಲ್ಲ ಅನುಮಾನಿಸಿದ ನನಗೆ ಹೆಂಡತಿಯ ಜೇಬನ್ನು ಅನುಮಾನಿಸಲು ತೋಚಲಿಲ್ಲ.

ಇನ್ನು ಆ ಡೇಲಿಯಾದ ವಿಷಯ. ಡೇಲಿಯಾದ ಗಡ್ಡೆ ನೆಟ್ಟರೂ, ಕುಡಿ ಚಿವುಟಿ ನೆಟ್ಟರೂ ತಾಯಿಗಿಡದ ಹೂವೇ ಬರುತ್ತದೆ. ಬೀಜ ಹಾಕಿದರೆ ಮಾತ್ರ ಏನು ಬರುತ್ತದೋ ದೇವರೇ ಬಲ್ಲ, ಹಾಕಿದ ಒಂದೊಂದು ಬೀಜವೂ ಒಂದೊಂದು ಹೊಸ ಹೂವು. ಒಂದು ವರ್ಷ ಜಯದೇವಿ ತನ್ನ ಗಿಡಗಳ ಬೀಜವನ್ನೇ ಆರಿಸಿ ಬಿತ್ತಿದಳು. ಬಹಳಷ್ಟು ಸಸಿಗಳು ಪೆಚ್ಚು ಬಣ್ಣದ ಒಂಟಿ ಎಸಳಿನ ಹೂ ಬಿಟ್ಟು ನಿರಾಸೆ ಮಾಡಿದವು. ಆಗಸ್ಟಿನ ಕೊನೆಗೆ ಒಂದು ಸಸಿ ಮಾತ್ರ ಅರಳಿ ನಿಂತಿತು. ತಟ್ಟೆಯಗಲದ ಅರಿಶಿನ ಬಣ್ಣದ ಹೂವು, ಎಸಳೆಸಳಿನ ತುದಿಗೂ ಕುಂಕುಮ. ಇನ್ನೊಂದು ವಿಚಿತ್ರ, ಪ್ರತಿ ಹೂವಿನಲ್ಲೂ ಒಂದೇ ಒಂದು ಎಸಳು ಬುಡದಿಂದ ತುದಿಯವರೆಗೆ ಕೆಂಪು.

"ಇದು ಡಿಫೆಕ್ಟು" ಎಂದೆ ನಾನು.

"ಇದು ಗುರ್ತು" ಎಂದಳು ಅವಳು. "ಜಗತ್ತಿನ್ಯಾಗ ಎಲ್ಲೂ ಇಲ್ಲದ ಹೂವು ಇದು. ಅರಿಷಿಣ ಕುಂಕುಮ ಅಂತ ಹೆಸರಿಡ್ತೀನಿ."

ಅಕ್ಟೋಬರಿನಲ್ಲಿ ಎಲೆಗಳು ಮಂಜಿಗೆ ಕಪ್ಪಾದ ಮೇಲೆ ಅವಳು ಗಡ್ಡೆ ಅಗೆದು, ಮರದ ಹೊಟ್ಟು ತುಂಬಿದ ರಟ್ಟಿನ ಪೆಟ್ಟಿಗೆಯಲ್ಲಿ ಹುಗಿದು, ಬೇಸ್‌ಮೆಂಟಿನ ಮೆಟ್ಟಿಲ ಕೆಳಗೆ ಇಟ್ಟಳು. ಇಲ್ಲಿನ ಚಳಿಗೆ ಡೇಲಿಯಾ ಗಡ್ಡೆ ನೆಲದಲ್ಲಿ ಉಳಿಯುವುದಿಲ್ಲ. ಆ ಜನವರಿಯಲ್ಲಿ, ಹೊರಗೆ ಹಿಮ ಸುರಿಯುತ್ತಿದ್ದಾಗ, ಜಯದೇವಿ ಎದೆನೋವು ಎಂದು ಕೂತವಳು ಏಳಲಿಲ್ಲ. ನನಗೆ ಅವಳ ಮೇಲೆ ಇವತ್ತಿಗೂ ಸಿಟ್ಟಿದೆ. ಎಲ್ಲವನ್ನೂ ಹಾಗೇ ಬಿಟ್ಟು ಒಳಗೆ ಹೋಗುವುದು ಅವಳಿಗೆ ಅಭ್ಯಾಸವಾಗಿತ್ತು.

ಮೇ ತಿಂಗಳಲ್ಲಿ ಗಡ್ಡೆಯನ್ನು ನಾನೇ ನೆಟ್ಟೆ. ಒಡೆದು ಎರಡು ಮಾಡಬಹುದಿತ್ತು. ಚಾಕು ಕೈಗೆತ್ತಿಕೊಂಡವನು ಕೆಳಗಿಟ್ಟು, ಇಡಿಯಾಗಿ ನೆಟ್ಟುಬಿಟ್ಟೆ. ಇದೊಂದು ಹೋದರೆ ಅವಳ ಹೂವು ಭೂಮಿಯ ಮೇಲೆ ಇಲ್ಲ ಎಂಬುದು ದಿನವೂ ನೆನಪಾಗುತ್ತಿತ್ತು. ಮೊಲ ಬಾರದಂತೆ ತಂತಿ ಸುತ್ತಿದೆ. ಬಗ್ಗಿ ನೋಡುವ ಮನುಷ್ಯರಿಗೆ ಏನು ಸುತ್ತಬೇಕು?

ಜೂನಿನ ಒಂದು ಬೆಳಗ್ಗೆ ಲತಾಶ್ರೀ ಬಂದಳು. ಡೇಲಿಯಾದ ಮುಂದೆ ನಿಂತು ಸುಮ್ಮನೆ ನೋಡಿದಳು. ನಮ್ಮ ಡೇಲಿಯಾವನ್ನು ಅವರ ಕಡೆ ಡೇರೆ ಎನ್ನುತ್ತಾರೆ.

"ಆಂಟಿ ಡೇರೆ ಚೆನ್ನಾಗಿ ಎದ್ದಿದೆ ಅಂಕಲ್" ಎಂದಳು.

ಮನೆಗೆ ಬಂದವರನ್ನು ಹಾಗೇ ಕಳಿಸುವುದು ನಮ್ಮ ಪದ್ಧತಿಯಲ್ಲ. "ಕೂಡ್ರಿ, ಚಾ ಮಾಡ್ತೀನಿ" ಎಂದೆ.

ಅವಳು ಚಕ್ಕನೆ ನನ್ನ ಮುಖ ನೋಡಿದಳು. ಆ ನೋಟ ನನಗೆ ಸರಿ ಕಾಣಲಿಲ್ಲ. ಒಳಗೆ ಹೋಗಿ ನೀರಿಟ್ಟೆ, ಆದರೆ ನಾನೇನು ಜಯದೇವಿಯೇ? ಕಿಟಕಿಯ ಪರದೆಯ ಸಂದಿಯಲ್ಲೇ ನಿಂತೆ. ಲತಾಶ್ರೀ ಆಚೀಚೆ ನೋಡಿದಳು. ತಂತಿಯೊಳಗೆ ಕೈ ತೂರಿಸಿ, ಗಿಡದ ನಡುತುದಿಯ ಕುಡಿಯನ್ನು ಉಗುರಿನಿಂದ ಚಿವುಟಿ, ಒದ್ದೆ ಕಾಗದದಲ್ಲಿ ಸುತ್ತಿ ಬ್ಯಾಗಿನೊಳಗೆ ಹಾಕಿಕೊಂಡಳು. ಒದ್ದೆ ಕಾಗದವನ್ನು ಮನೆಯಿಂದಲೇ ತಂದಿದ್ದಳು! ಅಂದರೆ ತಯಾರಾಗಿಯೇ ಬಂದ ಕಳ್ಳತನ.

ಮೈ ಉರಿಯಿತು. ಆ ಉರಿಯಲ್ಲಿ ಚಹಾಕ್ಕೆ ಸಕ್ಕರೆ ಹಾಕುವುದನ್ನೇ ಮರೆತೆ. ಕಪ್ಪು ಕೊಟ್ಟಾಗ ಅವಳ ಕಣ್ಣಲ್ಲಿ ನೀರಿತ್ತು. ಒಂದು ಗುಟುಕು ಕುಡಿದು, "ಟೀ ತುಂಬಾ ಚೆನ್ನಾಗಾಗಿದೆ ಅಂಕಲ್" ಎಂದಳು. ಆ ಕಹಿ ಚಹಾಕ್ಕೆ ಈ ಹೊಗಳಿಕೆ! ಎದುರಿಗೆ ಬೈಯಬೇಕೆಂದು ಬಾಯಿ ತೆರೆದೆ, ಜಯದೇವಿಯ ಗೆಳತಿಯೆಂದು ನುಂಗಿಕೊಂಡೆ.

ಅಂದಿನಿಂದ ನನ್ನ ಕಣ್ಣು ಅವಳ ಮನೆಯ ಮೇಲೇ. ಅವಳ ಕಿಟಕಿಯ ಕಟ್ಟೆಯಲ್ಲಿ ಪ್ಲಾಸ್ಟಿಕ್ ಕವರು ಮುಚ್ಚಿದ ಸಣ್ಣ ಕುಂಡವೊಂದು ಪ್ರತ್ಯಕ್ಷವಾಯಿತು. "ಏನದು?" ಎಂದು ಬೇಕೆಂದೇ ಕೇಳಿದೆ. "ಒಂದು ಗಿಡ ಅಂಕಲ್" ಎಂದು ನಕ್ಕಳು. ನನಗೂ ಅವಳಿಗೂ ನಡುವೆ ಏನೋ ಗುಟ್ಟಿದ್ದ ಹಾಗೆ ನಗು. ಕದ್ದವರು ಮುಖ ತಪ್ಪಿಸಿಕೊಳ್ಳಬೇಕು, ಇವಳು ನನ್ನ ಕಂಡಾಗಲೆಲ್ಲ ಮೊದಲಿಗಿಂತ ಸಲಿಗೆಯಿಂದ ಮಾತಾಡುತ್ತಿದ್ದಳು. ಪಕ್ಕಾ ಕಳ್ಳಿ ಎಂದುಕೊಂಡೆ.

ಆ ವರ್ಷ ನಮ್ಮ ಗಿಡ ಕವಲೊಡೆದು, ಪೊದೆಯಾಗಿ, ಮೈತುಂಬ ಹೂ ಬಿಟ್ಟಿತು. ನಡುಕುಡಿ ಚಿವುಟಿದರೆ ಡೇಲಿಯಾ ಹಾಗೆ ಕವಲೊಡೆಯುತ್ತದೆ. ನಾನು ಮಾತ್ರ ಅದು ನನ್ನ ಗೊಬ್ಬರದ ಮಹಿಮೆ ಎಂದು ಬೀಗಿದೆ.

ಅಕ್ಟೋಬರಿನಲ್ಲಿ ಗಡ್ಡೆ ಅಗೆಯುತ್ತಿದ್ದಾಗ ಲತಾಶ್ರೀ ಹುಲ್ಲು ದಾಟಿ ಬಂದಳು. "ಗಡ್ಡೆ ಬೇಸ್‌ಮೆಂಟಲ್ಲೇ ಇಡ್ತೀರ ತಾನೆ ಅಂಕಲ್? ಮೆಟ್ಟಿಲ ಕೆಳಗೆ?"

ನೋಡಿ, ಜಾಗ ವಿಚಾರಿಸುತ್ತಿದ್ದಾಳೆ! ಕುಡಿ ಸಾಲದೆ ಗಡ್ಡೆಗೇ ಕಣ್ಣು. ನಮ್ಮ ಗರಾಜಿನ ಬಾಗಿಲಿನ ಕೋಡ್ ಜಯದೇವಿ ಅವಳಿಗೆ ಕೊಟ್ಟಿದ್ದಳೆಂಬುದೂ ನೆನಪಾಯಿತು. ಗರಾಜು ಹೊಕ್ಕರೆ ಬೇಸ್‌ಮೆಂಟಿಗೆ ದಾರಿ. "ಹೂಂ, ಅಲ್ಲೇ" ಎಂದು ಸುಳ್ಳು ಹೇಳಿದೆ. ಅವತ್ತೇ ಕೋಡ್ ಬದಲಾಯಿಸಿದೆ. ಅಷ್ಟಕ್ಕೂ ನೆಮ್ಮದಿಯಾಗದೆ, ಪೆಟ್ಟಿಗೆಯನ್ನು ಹಿತ್ತಲ ಮೂಲೆಯ ಮರದ ಶೆಡ್ಡಿಗೆ ಒಯ್ದು, ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ಇಟ್ಟು, ಹಿತ್ತಾಳೆಯ ಬೀಗ ಜಡಿದೆ. ಇನ್ನು ಯಾರು ಬರುತ್ತಾರೋ ಬರಲಿ ಎಂದು ಹಾಯಾಗಿ ಮಲಗಿದೆ.

ಜನವರಿಯಲ್ಲಿ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿ ಬಂತು, ಫ್ಯಾರನ್‌ಹೀಟ್ ಲೆಕ್ಕದಲ್ಲಿ. ಶಾಲೆಗಳು ಮುಚ್ಚಿದವು. ನಾನು ಹೀಟರಿನ ಪಕ್ಕ ಕೂತು, ಶೆಡ್ಡಿನ ಬೀಗ ನೆಟ್ಟಗಿದೆಯೇ ಎಂದು ಕಿಟಕಿಯಿಂದ ನೋಡುತ್ತಿದ್ದೆ. ಬೀಗ ನೆಟ್ಟಗೇ ಇತ್ತು.

ಮಾರ್ಚಿನಲ್ಲಿ ಶಿವರಾಮುಗೆ ಡೆಟ್ರಾಯಿಟ್ ಪಕ್ಕದ ನೋವೈಯಲ್ಲಿ ಕೆಲಸವಾಯಿತು. ಹೊರಡುವ ದಿನ ಲತಾಶ್ರೀ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಆಶೀರ್ವಾದ ಮಾಡುತ್ತಲೇ ಅವಳ ಕಾರಿನ ಹಿಂದಿನ ಸೀಟು ನೋಡಿದೆ. ಅಲ್ಲಿ ಬೆಡ್‌ಶೀಟು ಹೊದಿಸಿದ ಕುಂಡಗಳಿದ್ದವು.

ಮೇ ತಿಂಗಳಲ್ಲಿ ಶೆಡ್ಡಿನ ಬೀಗ ತೆಗೆದೆ. ಪೆಟ್ಟಿಗೆ ಮುಚ್ಚಳ ಎತ್ತುವ ಮೊದಲೇ ವಾಸನೆ ಬಂತು. ಹೊಟ್ಟಿನೊಳಗೆ ಕೈ ಹಾಕಿದರೆ ಗಡ್ಡೆ ಬೆರಳ ಸಂದಿಯಲ್ಲಿ ಲೋಳೆಯಾಗಿ ಜಾರಿತು. ನನಗೆ ಮೊದಲು ಹೊಳೆದದ್ದೇನು ಗೊತ್ತೇ? ಅವಳು ಒಳ್ಳೆಯ ಗಡ್ಡೆ ಒಯ್ದು ಕೊಳೆತ ಆಲೂಗಡ್ಡೆ ಇಟ್ಟಿದ್ದಾಳೆ ಎಂದು! ಕನ್ನಡಕ ಹಾಕಿ ಬೀಗವನ್ನು ಸುತ್ತಲೂ ಪರೀಕ್ಷಿಸಿದೆ. ಒಂದು ಗೀರೂ ಇರಲಿಲ್ಲ. ಹೀಟರಿಲ್ಲದ ಶೆಡ್ಡಿನ ತೆಳು ಹಲಗೆಗಳ ಸಂದಿಯಿಂದ ಬೆಳಕು ಬರುತ್ತಿತ್ತು. ಬೆಳಕು ಬರುವಲ್ಲಿ ಚಳಿ ಬರದಿರುತ್ತದೆಯೇ? ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಜಯದೇವಿ ಹೋದಾಗ ನೆಂಟರಿಷ್ಟರ ಮುಂದೆ ಅಳದೆ ಉಳಿಸಿಕೊಂಡದ್ದೆಲ್ಲ ಅವತ್ತು ಬಂತು.

ಬೇಸಿಗೆಯಲ್ಲಿ ಆ ಬಿಸಿಲ ಪಟ್ಟಿಯನ್ನು ಖಾಲಿ ಬಿಟ್ಟೆ.

ಸೆಪ್ಟೆಂಬರಿನಲ್ಲಿ ಗೌರಿ ಹಬ್ಬ ಬಂತು. ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಮನೆಯ ಗೌರಿಯರು ಸಾಲಾಗಿ ಬರತೊಡಗಿದರು. ಲತಾಶ್ರೀಯ ಮನೆಯ ಗೌರಿಯೂ ಬಂದಳು. ಗೌರಿಯ ಬಲಕ್ಕೆ ಒಂದು ಅರಿಶಿನ ಬಣ್ಣದ ಹೂವಿತ್ತು. ಬೆರಳಿನಿಂದ ಚಿತ್ರ ಹಿಗ್ಗಿಸಿದೆ. ಎಸಳುಗಳ ತುದಿಗೆ ಕುಂಕುಮ. ಇನ್ನೂ ಹಿಗ್ಗಿಸಿದೆ. ಒಂದೇ ಒಂದು ಎಸಳು ಬುಡದಿಂದ ತುದಿಯವರೆಗೆ ಕೆಂಪು.

ಅವಳು ಸಿಕ್ಕಿಬಿದ್ದಿದ್ದಳು. ಹೂವು ಬದುಕಿದೆಯೆಂದು ಸಂತೋಷವಾಗಬೇಕಿತ್ತು, ನನಗೆ ಸಿಟ್ಟೇ ಬಂತು. ನನ್ನ ಹೆಂಡತಿಯ ಹೂವು ನನ್ನ ಮನೆಯಲ್ಲಿಲ್ಲ, ಕದ್ದವಳ ಮನೆಯಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿದೆ! "ಆ ಕಡೆ ಬರೂದೈತಿ, ಮನಿಗೆ ಬರ್ಲ್ಯಾ?" ಎಂದು ಮೆಸೇಜು ಹಾಕಿದೆ. "ಬನ್ನಿ ಅಂಕಲ್, ಖಂಡಿತ ಬನ್ನಿ" ಎಂದು ತಕ್ಷಣ ಉತ್ತರ ಬಂತು. ಇಷ್ಟು ತಕ್ಷಣ ಯಾಕೆ ಕರೆಯುತ್ತಾಳೆ ಎಂದು ಅದಕ್ಕೂ ಅನುಮಾನಪಟ್ಟೆ.

ಮರುದಿನ ಬೆಳಗಾಗುತ್ತಲೇ ಹೊರಟೆ. ಇನ್ನೂರ ಎಂಬತ್ತು ಮೈಲಿ ದಾರಿಯುದ್ದಕ್ಕೂ ಅವಳಿಗೆ ಅನ್ನಬೇಕಾದ ಮಾತುಗಳನ್ನು ಜೋರಾಗಿ ಅಂದುಕೊಳ್ಳುತ್ತ ಡ್ರೈವ್ ಮಾಡಿದೆ. ಮಿಶಿಗನ್ ಹೊಕ್ಕ ಕೂಡಲೇ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ. ಆ ತಾಸನ್ನೂ ಇವಳೇ ಕದ್ದಂತೆ ಸಿಟ್ಟಾಯಿತು.

ಲತಾಶ್ರೀ ಬಾಗಿಲಲ್ಲೇ ಕಾದಿದ್ದಳು. ಶಿವರಾಮು ಆಫೀಸಿಗೆ ಹೋಗಿದ್ದ. "ಮೊದ್ಲು ಹಿಂದೆ ಬನ್ನಿ ಅಂಕಲ್, ಒಂದು ತೋರಿಸ್ಬೇಕು" ಎಂದು ನಾನು ಕೂರುವ ಮೊದಲೇ ಹಿತ್ತಲಿಗೆ ಕರೆದೊಯ್ದಳು. ಅಲ್ಲಿ ದಕ್ಷಿಣದ ಗೋಡೆಗೆ ತಾಗಿ ಮೂರು ಡೇಲಿಯಾ ಗಿಡಗಳು ನಿಂತಿದ್ದವು. ಮೂರರ ಮೈತುಂಬ ಅರಿಷಿಣ ಕುಂಕುಮ.

ದಾರಿಯುದ್ದಕ್ಕೂ ಜೋಡಿಸಿದ ಮಾತೆಲ್ಲ ಮರೆತುಹೋಯಿತು. "ಇದನ್ನ ನೀವು ನಮ್ಮ ಹಿತ್ತಲದಾಗಿಂದ ಕದ್ದೀರಿ" ಎಂದಷ್ಟೇ ಬಂತು. "ನಾ ಕಣ್ಣಾರೆ ನೋಡೀನಿ."

"ಹೌದು ಅಂಕಲ್, ಕದ್ದೆ" ಎಂದಳು ಅವಳು, ನಗುತ್ತ. ನನ್ನ ಮುಖ ನೋಡಿ ನಗು ನಿಂತಿತು. "ನೀವೇ ಟೀ ಮಾಡ್ತೀನಿ ಅಂತ ಒಳಗೆ ಹೋದ್ರಲ್ಲಾ?"

"ಚಾಕ್ಕೂ ಕಳುವಿಗೂ ಏನ್ ಸಂಬಂಧ?"

"ಆಂಟಿ ನಿಮಗೆ ಹೇಳೇ ಇಲ್ವಾ?"

"ಏನು?"

"ನಾನು ಮೊದಲ ವರ್ಷ ಆಂಟೀನ ಪಿಯೊನಿ ಕೇಳಿದೆ ಅಂಕಲ್. ಕೇಳಿ ತಗೊಂಡ ಗಿಡ ಹತ್ತಲ್ಲ, ಕದ್ದು ತಂದಿದ್ದೇ ಹತ್ತೋದು ಅಂದ್ರು. ನಮ್ಮಜ್ಜೀನೂ ಹಾಗೇ ಹೇಳ್ತಿದ್ರು. ಕೊಟ್ಟವರು ನೋಡಬಾರದು, ತಗೊಂಡವರು ಥ್ಯಾಂಕ್ಸ್ ಹೇಳಬಾರದು. ಅದಕ್ಕೇ ಆಂಟಿ ಟೀ ಮಾಡ್ತೀನಿ ಅಂತ ಒಳಗೆ ಹೋಗೋರು. ಟೀ ಆಗೋದ್ರೊಳಗೆ ನಾನು ಕದ್ದು ಮುಗಿಸ್ಬೇಕು." ಅವಳು ಕಣ್ಣೊರೆಸಿಕೊಂಡಳು. "ಆಂಟಿ ನಮ್ಮನೆಗೆ ಬಂದಾಗ ನಾನು ಟೀ ಇಡ್ತಿದ್ದೆ. ನಿಮ್ಮನೆ ನೀಲಿ ಐರಿಸ್, ಗರಾಜ್ ಪಕ್ಕದ ಹೋಸ್ಟಾ, ಎಲ್ಲಾ ಆಂಟಿ ನಮ್ಮನೇಲಿ ಕದ್ದಿದ್ದು."

ಸ್ವೆಟರಿನ ಜೇಬಿನ ಮಣ್ಣು ನೆನಪಾಯಿತು.

"ಈ ಡೇರೆ ಮೊದಲ ಸಲ ಹೂ ಬಿಟ್ಟಾಗ ಆಂಟಿ ಹೇಳಿದ್ರು, ಈ ವರ್ಷ ಬ್ಯಾಡ, ಗಡ್ಡಿ ಕಟ್ಟಲಿ, ಬರೋ ಜೂನ್‌ದಾಗ ಚಾ ಮಾಡ್ತೀನಿ ಅಂತ. ಆಮೇಲೆ ಹೋಗೇಬಿಟ್ರು. ನಾನು ಆಸೆ ಬಿಟ್ಟಿದ್ದೆ. ಒಂದು ಸಲ ನೋಡ್ಕೊಂಡಾದ್ರೂ ಬರೋಣ ಅಂತ ಬಂದೆ. ಬ್ಯಾಗಲ್ಲಿ ಒದ್ದೆ ಕಾಗದ ಯಾಕೆ ಇಟ್ಕೊಂಡ್ನೋ ಗೊತ್ತಿಲ್ಲ. ನೀವು ಟೀ ಮಾಡ್ತೀನಿ ಅಂದ್ರಿ. ಆಂಟಿ ನಿಮಗೆ ಹೇಳಿಟ್ಟು ಹೋಗಿದಾರೆ ಅಂದ್ಕೊಂಡೆ ಅಂಕಲ್. ಅವತ್ತು ಎಷ್ಟು ಸಮಾಧಾನ ಆಯ್ತು ಗೊತ್ತಾ?"

ನಾನು ಹುಲ್ಲಿನ ಮೇಲಿದ್ದ ಕುರ್ಚಿಯಲ್ಲಿ ಕೂತೆ.

"ಗಡ್ಡಿ ಸತ್ತು ಹೋತು" ಎಂದೆ. "ನಿಮ್ಮ ಕೈಗೆ ಸಿಗಬಾರದಂತ ಶೆಡ್ಡಿನ್ಯಾಗ ಇಟ್ಟು ಕೀಲಿ ಹಾಕಿದ್ದೆ. ಥಂಡಿಗೆ ಕೊಳೀತು. ಜಯದೇವಿ ಹೂವನ್ನ ನಾನ ಕೊಂದೆ."

ಅವಳು ಏನೋ ಹೇಳಲು ಬಾಯಿ ತೆರೆದಳು. 'ತಗೊಂಡು ಹೋಗಿ' ಎನ್ನುತ್ತಾಳೆ ಎಂದುಕೊಂಡೆ. ಅಂದಿದ್ದರೆ ನಾಚಿಕೆಯಿಂದ ಬೇಡವೆಂದು ಎದ್ದು ಬರುತ್ತಿದ್ದೆನೋ ಏನೋ. ಅವಳು ಹೇಳಬೇಕೆಂದಿದ್ದನ್ನು ನುಂಗಿಕೊಂಡಳು. ಮುಖ ಒರೆಸಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಅಂದಳು:

"ಕೂತಿರಿ ಅಂಕಲ್. ಟೀ ಇಡ್ತೀನಿ."

ಬಾಗಿಲು ಮುಚ್ಚಿತು. ಅವಳ ಅಡುಗೆಮನೆಯ ಕಿಟಕಿಯೂ ತೋಟಕ್ಕೇ ತೆರೆದಿತ್ತು. ಲತಾಶ್ರೀ ಕಿಟಕಿಗೆ ಬೆನ್ನು ಹಾಕಿ, ಒಲೆಯನ್ನೇ ನೋಡುತ್ತ ನಿಂತಳು. ಜಯದೇವಿ ನಿಲ್ಲುತ್ತಿದ್ದದ್ದು ಹೀಗೆಯೇ.

ನಾನು ಎದ್ದೆ. ಈ ವಯಸ್ಸಿನಲ್ಲಿ ಮೊದಲ ಕಳ್ಳತನ. ಪಕ್ಕದ ಮನೆಯ ಅಮೆರಿಕನ್ ಮುದುಕ ಹುಲ್ಲು ಕತ್ತರಿಸುತ್ತ ನನ್ನನ್ನೇ ಅನುಮಾನದಿಂದ ನೋಡುತ್ತಿದ್ದ. ನೋಡಲಿ. ಮೊಗ್ಗಿಲ್ಲದ ಕುಡಿಯೊಂದನ್ನು ಹುಡುಕಿ, ಎಲೆಗಂಟಿನ ಕೆಳಗೆ ಉಗುರಿನಿಂದ ಚಿವುಟಿದೆ. ಒಂದು ಸಾಲದೇನೋ ಎಂದು ಅನುಮಾನವಾಯಿತು, ಇನ್ನೊಂದನ್ನೂ ಚಿವುಟಿದೆ. ಹಿತ್ತಲ ನಲ್ಲಿಯಲ್ಲಿ ಕರವಸ್ತ್ರ ನೆನೆಸಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡೆ. ಎದೆಗೆ ತಣ್ಣಗೆ ತಗುಲಿತು. ನನ್ನ ಕೈ ನಿಧಾನ. ಒಳಗೆ ಚಹಾ ಯಾವಾಗಲೋ ಕುದಿದು ಉಕ್ಕಿ, ಹಾಲು ಸೀದ ವಾಸನೆ ಹಿತ್ತಲವರೆಗೆ ಬರುತ್ತಿತ್ತು. ಆದರೂ ಅವಳು ತಿರುಗಲಿಲ್ಲ.

ನಾನು ಕುರ್ಚಿಗೆ ಮರಳಿ ಗಟ್ಟಿಯಾಗಿ ಕೆಮ್ಮಿದ ಮೇಲೆ ಅವಳು ಎರಡು ಕಪ್ಪು ಹಿಡಿದು ಬಂದಳು. ನನ್ನ ಅಂಗಿಯ ಜೇಬು ಒದ್ದೆಯಾಗಿ ಅಂಟಿಕೊಂಡಿತ್ತು. ಅವಳು ಅತ್ತ ಕಣ್ಣು ಹಾಯಿಸಲಿಲ್ಲ.

"ಸಕ್ಕರೆ ಹಾಕಿಲ್ಲ ಅಂಕಲ್. ಅವತ್ತು ನೀವು ಸಕ್ಕರೆ ಇಲ್ದೇನೇ ಮಾಡಿದ್ರಲ್ಲಾ, ಹಾಕ್ಕೊಳಲ್ಲ ಅಂದ್ಕೊಂಡೆ."

ನಾನು ಎರಡು ಚಮಚ ಸಕ್ಕರೆ ಹಾಕಿಕೊಳ್ಳುವವನು. ಕಹಿ ಚಹಾ, ಮೇಲೆ ಸೀದ ಹಾಲು. ಒಂದು ಗುಟುಕು ಕುಡಿದೆ. ಥ್ಯಾಂಕ್ಸ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ.

"ಚಾ ಭಾಳ ಚಲೋ ಆಗೇತಿ" ಎಂದೆ.